ರಾಯರ ಮೊಣಕಾಲು, ಸಾಬಣ್ಣನ ಗೇರ್‌ಬಾಕ್ಸು

ಹಿಂದಿನ ಕಾಲದ ವೀರರಿಗೆ ಒಬ್ಬೊಬ್ಬರಿಗೆ ಒಂದೊಂದು ಆಯುಧವಿತ್ತು. ಒಬ್ಬನಿಗೆ ಬಿಲ್ಲು, ಒಬ್ಬನಿಗೆ ಗದೆ, ಇನ್ನೊಬ್ಬನಿಗೆ ಚಕ್ರ. ಹೈದರಾಬಾದಿನ ಲಿಂಗಂಪಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಮೋಟರ್ ಸೈಕಲ್ ರಿಪೇರಿ ಮಾಡುವ ಸಾಬಣ್ಣನಿಗೆ ಇರುವುದು ಬಲಗಾಲಿನ ಹೆಬ್ಬೆರಳು.

ಹಳೆಯ ಬುಲೆಟ್ ಗಾಡಿಗಳ ಗೇರು ಬಲಗಡೆ ಇರುತ್ತದೆ. ಅಂಥ ಗಾಡಿ ಅಂಗಡಿಗೆ ಬಂದರೆ ಸಾಬಣ್ಣ ನಟ್ಟು ಬಿಚ್ಚುವ ಪಾನಾ ಮುಟ್ಟುವುದಿಲ್ಲ. ಮೊದಲು ಬಲಗಾಲಿನ ಚಪ್ಪಲಿ ಕಳಚಿ ಬದಿಗಿಡುತ್ತಾನೆ. ಗಾಡಿ ಏರಿ ಕಣ್ಣು ಮುಚ್ಚುತ್ತಾನೆ. ಹೆಬ್ಬೆರಳಿನಿಂದ ಗೇರಿನ ಲಿವರನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮೀಟುತ್ತಾನೆ, ತಂಬೂರಿ ಶ್ರುತಿ ಮಾಡುವವರ ಹಾಗೆ. ಆಮೇಲೆ ಕಣ್ಣು ತೆರೆದು, “ಮೂರನೇ ಗೇರಿನ ಹಲ್ಲು ಹೋಗ್ಯಾವ” ಎನ್ನುತ್ತಾನೆ. ಬಿಚ್ಚಿ ನೋಡಿದರೆ ಮೂರನೇ ಗೇರಿನ ಹಲ್ಲು ನಿಜಕ್ಕೂ ಹೋಗಿರುತ್ತವೆ.

ಇಷ್ಟು ಸಾಕಾಗಿತ್ತು. ಎದುರಿನ ಪಂಕ್ಚರ್ ಅಂಗಡಿಯ ಮಲ್ಲು ಆ ಹೆಬ್ಬೆರಳಿಗೆ ತಾನೇ ಆಸ್ಥಾನ ಕವಿಯಾದ. ಅವನ ಪ್ರಕಾರ ಉಸ್ತಾದ್ ಸಾಬಣ್ಣ ಒಮ್ಮೆ ಲೋಕಲ್ ರೈಲಿನಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಾಗ, “ಈ ಡಬ್ಬಿ ಗಾಲಿ ಬೇರಿಂಗ್ ಹೋಗೈತಿ” ಅಂದರಂತೆ. ಅನ್ನುವುದೇ ತಡ, ಮುಂದಿನ ಸ್ಟೇಷನ್ನಿನಲ್ಲಿ ರೈಲು ಗಕ್ಕನೆ ನಿಂತಿತಂತೆ. ಆ ರೈಲು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ ಎಂಬ ಸಣ್ಣ ಸಂಗತಿಯನ್ನು ಮಲ್ಲು ಹೇಳುವುದಿಲ್ಲ. ಪಟಾನ್‌ಚೆರುವಿನ ಒಬ್ಬ ಲಾರಿ ಮಾಲೀಕ ಆ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದ್ದನ್ನು ಇಡೀ ಗಲ್ಲಿ ನೋಡಿದೆ. ಆತ ಬಿದ್ದ ನಟ್ಟು ಹುಡುಕಲು ಬಗ್ಗಿದ್ದ ಎನ್ನುವವರೂ ಇದ್ದಾರೆ. ಹೊಟ್ಟೆಕಿಚ್ಚಿನವರು ಎಲ್ಲಿಲ್ಲ?

ಈ ಪದವಿ ಬರುವ ಮೊದಲು ಅದು ಯಾದಗಿರಿ ಕಡೆಯ ಒಂದು ಸಾಧಾರಣ ಕಾಲಾಗಿತ್ತು. ಇಪ್ಪತ್ತಾರು ವರ್ಷದ ಹಿಂದೆ ಸಾಬಣ್ಣ ಹೆಂಡತಿ ಬಂಡೆಮ್ಮನ ಜೊತೆ ಹೈದರಾಬಾದಿಗೆ ಇಟ್ಟಿಗೆ ಹೊರಲು ಬಂದ. ಒಂದು ದಿನ ಸ್ಲ್ಯಾಬ್ ಹಾಕುವ ಹೊತ್ತಿಗೆ ಕಾಂಕ್ರೀಟ್ ಕಲಸುವ ಯಂತ್ರ ಕರಕರ ಅಂದು ಕೈಕೊಟ್ಟಿತು. ಮೇಸ್ತ್ರಿ ತೆಲುಗಿನಲ್ಲಿ ಅದರ ಕುಲಗೋತ್ರವನ್ನೆಲ್ಲ ಎತ್ತಿ ಬೈಯುತ್ತಿದ್ದ. ಯಂತ್ರದ ಚೌಕಟ್ಟಿನ ಮೇಲೆ ಬರಿಗಾಲಲ್ಲಿ ನಿಂತಿದ್ದ ಸಾಬಣ್ಣ, “ಮೇಸ್ತ್ರಿ, ಬೆಲ್ಟು ಛಲೋ ಐತಿ, ಒಳಗ ಹಲ್ಲು ಹೋಗ್ಯಾವ” ಅಂದ. ಮಾತು ಖರೆಯಾಯಿತು. ಅಂದು ಇಟ್ಟಿಗೆಯ ಬುಟ್ಟಿ ಇಳಿಸಿದವನು ಮತ್ತೆ ಹೊರಲಿಲ್ಲ. ಬೇಗಂ ಬಜಾರಿನ ಹತ್ತಿರ ಒಬ್ಬ ಮುದಿ ಉಸ್ತಾದನ ಬಳಿ ಆರು ವರ್ಷ ಬೈಗುಳ ತಿಂದು ಕಲಿತು, ಲಿಂಗಂಪಲ್ಲಿಗೆ ಬಂದು ತನ್ನದೇ ಅಂಗಡಿ ತೆರೆದ.

ಇಂಥ ಮಹಾಪುರುಷನ ಬಳಿಗೆ ದತ್ತಾತ್ರೇಯ ರಾಯರ ಬುಲೆಟ್ ಬಂದದ್ದು ಸಹಜವೇ. ರಾಯರು ನಾರಾಯಣಗೂಡದವರು. ಅವರ ಅಜ್ಜ ಕಲಬುರ್ಗಿ ಕಡೆಯಿಂದ ನೌಕರಿಗೆಂದು ಬಂದು ಅಲ್ಲೇ ಮನೆ ಕಟ್ಟಿದರು; ಮುಂದಿನವರೆಲ್ಲ ಸರ್ಕಾರಿ ಕಚೇರಿಯಲ್ಲೇ ಹುಟ್ಟಿದವರಂತೆ ಅದನ್ನೇ ಹಿಡಿದರು. ರಾಯರು ಈ ಗಾಡಿಯ ಮೇಲೆ ಮೂವತ್ತಾರು ವರ್ಷ ಕಚೇರಿಗೆ ಹೋಗಿ ಬಂದಿದ್ದರು. ಈಗ ಅರವತ್ತೆಂಟು. ನಿವೃತ್ತಿಯ ನಂತರವೂ ದಿನಾ ಬೆಳಿಗ್ಗೆ ಅದನ್ನು ಒರೆಸುವುದು, ಗುಡುಗಿಸುವುದು, ಬರ್ಕತ್‌ಪುರದವರೆಗೆ ಒಂದು ಸುತ್ತು ಹೊಡೆಯುವುದು ತಪ್ಪಿರಲಿಲ್ಲ. ಅವರ ಹೆಂಡತಿ ಅಂಬುಬಾಯಿ ಆ ಗಾಡಿಯನ್ನು “ನಮ್ಮ ಸವತಿ” ಎಂದೇ ಕರೆಯುತ್ತಿದ್ದರು.

ಸವತಿಗೆ ಮೂರನೇ ಗೇರು ಜಾರುವ ರೋಗ ಬಂದಿತ್ತು. ಸಾಬಣ್ಣ ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ, ಹಲ್ಲು, ಬುಷ್ಷು, ಬೇರಿಂಗ್ ಎಲ್ಲ ಹೊಸತು ಹಾಕಿ ಕೂಡಿಸಿದ. ಒಪ್ಪಿಸುವ ದಿನ ಹೆಬ್ಬೆರಳು ತೀರ್ಪು ಕೊಟ್ಟಿತು: “ಬೆಣ್ಣಿ ಐತ್ರಿ, ಬೆಣ್ಣಿ.” ರಾಯರು ನಾಲ್ಕು ದಿನ ಬೆಣ್ಣೆಯ ಮೇಲೆ ತಿರುಗಿದರು. ಐದನೆಯ ದಿನ ಫೋನ್ ಬಂತು.

“ಸಾಬಣ್ಣಾ, ಬೆಣ್ಣಿ ಕಲ್ಲಾಗೇದೋ! ಗೇರು ಒತ್ತಿದ್ರ ಬೀಳವಲ್ದು, ಬಿದ್ರ ಏಳವಲ್ದು. ಹಿಮಾಯತ್‌ನಗರ ಸಿಗ್ನಲ್ಲಿನ್ಯಾಗ ಎರಡಕ್ಕೂ ಮೂರಕ್ಕೂ ನಡುವ ತ್ರಿಶಂಕು ಆಗಿ ನಿಂತಿದ್ದೆ. ಹಿಂದ ಬಸ್ಸು!”

ಬುಧವಾರ ಸಾಬಣ್ಣ ನಾರಾಯಣಗೂಡಕ್ಕೆ ಹೋದ. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಗಾಡಿ ಏರಿ, ಕಣ್ಣು ಮುಚ್ಚಿ ಮೀಟಿದ. ಲಿವರು ನಿಜಕ್ಕೂ ಬಿಗಿ. ಹೆಬ್ಬೆರಳು ಸ್ಪಷ್ಟವಾಗಿ ಏನನ್ನೋ ಹೇಳಿತು. ಆದರೆ ಅದು ಹೇಳಿದ್ದು ಅದರ ಯಜಮಾನನ ವಿರುದ್ಧವಾಗಿದ್ದುದರಿಂದ ಯಜಮಾನನ ಕಿವಿಗೆ ಬೀಳಲಿಲ್ಲ. “ಹೊಸಾ ಸಾಮಾನ್ರಿ ರಾಯರ, ಓಡಿದಂಗ ಸಡ್ಲ ಆಗ್ತೈತಿ,” ಅಂದ. ಜಗತ್ತಿನ ಎಲ್ಲ ಮೆಕ್ಯಾನಿಕ್‌ಗಳಿಗೆ ಕಷ್ಟಕಾಲದಲ್ಲಿ ಆಸರೆಯಾಗುವ ಮಾತು ಅದು.

ಆ ಹೊತ್ತಿಗೆ ರಾಯರ ಮಗ ವಿಶ್ವಜಿತ್ ಹೊರಬಂದ. ನಲವತ್ತರ ಆಳು, ದಿನಾ ಜಿಮ್ಮಿಗೆ ಹೋಗುವವನು, ತೊಡೆ ಒನಕೆಯಂತಿದ್ದವು. ಗಾಡಿ ಏರಿ ಬೂಟುಗಾಲಿನಿಂದ ಧಡ್ ಎಂದು ಒತ್ತಿದ. ಗೇರು ಬಿತ್ತು. ಇನ್ನೊಮ್ಮೆ ಧಡ್. ಬಿತ್ತು.

“ಬೀಳ್ತದಲ್ಲಪ್ಪಾ,” ಅಂದ ವಿಶ್ವಜಿತ್. ಆಮೇಲೆ ದನಿ ಮೆತ್ತಗೆ ಮಾಡಿ, “ಅಪ್ಪಾ, ಗಾಡಿದೇನೂ ತಪ್ಪಿಲ್ಲ. ನಿನ್ನ ಮೊಣಕಾಲಿನ್ಯಾಗ ಶಕ್ತಿ ಇಲ್ಲ.”

“ಮೊಣಕಾಲಿಗೇನಾಗೇದೋ? ಹೋದ ವಾರ ಇದs ಮೊಣಕಾಲು ಇತ್ತಲ್ಲ!”

“ಹೋದ ವಾರಕಿಂತ ಈ ವಾರ ಒಂದು ವಾರ ವಯಸ್ಸಾಗೇದ,” ಎಂದರು ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅಂಬುಬಾಯಿ.

ವಿಶ್ವಜಿತ್ ತಮಾಷೆಯ ಮನಸ್ಥಿತಿಯಲ್ಲಿರಲಿಲ್ಲ. ಬಸ್ಸಿನ ಕಥೆ ಕೇಳಿದಾಗಿನಿಂದ ಅವನಿಗೆ ಊಟ ರುಚಿಸಿರಲಿಲ್ಲ. “ನೋಡಪ್ಪಾ, ಗಾಡಿಗೆ ರೋಗ ಇದ್ರ ರಿಪೇರಿ ಮಾಡಸೋಣು, ನೀ ನೂರು ವರ್ಷ ಹೊಡಿ. ನಿನ್ನ ಕಾಲು ಸೋತಿದ್ರ ಮಾತ್ರ ಅದರ ಮ್ಯಾಲ ಕೂಡಬ್ಯಾಡ. ನನ್ನ ದೋಸ್ತ ಒಬ್ಬಾಂವ ಗಚ್ಚಿಬೌಲಿಯೊಳಗ ಹೋಟೆಲ್ ತೆಗೀಲಿಕ್ಕತ್ಯಾನ. ಫೋಟೋ ಹಾಕಿದಂಗ ಗ್ವಾಡಿ ಮ್ಯಾಲ ತೂಗು ಹಾಕ್ಲಿಕ್ಕೆ ಹಳೇ ಬುಲೆಟ್ ಬೇಕಂತ. ಹೆಡ್‌ಲೈಟಿನ್ಯಾಗ ಬಣ್ಣದ ದೀಪ ಹಾಕ್ತಾರಂತ. ದಿನಾ ಹೋಗಿ ನೋಡ್ಕೋತ ಕಾಫಿ ಕುಡೀಬಹುದು.” ಅಂದವನೇ ಸಾಬಣ್ಣನ ಕಡೆ ತಿರುಗಿದ. “ನೀವs ಹೇಳ್ರಿ ಉಸ್ತಾದ್. ನೀವು ಸುಳ್ಳು ಹೇಳೂದಿಲ್ಲ. ಗೇರ್‌ಬಾಕ್ಸಿನ್ಯಾಗ ಏನರೆ ದೋಷ ಅದನ? ಇಲ್ಲಾ ಮೊಣಕಾಲs ಅಂತೀರಿ?”

ಸಾಬಣ್ಣನ ಕಣ್ಣ ಮುಂದೆ ಲಿಂಗಂಪಲ್ಲಿಯ ಗಲ್ಲಿ, ಮಲ್ಲು, ಲಾರಿ ಮಾಲೀಕ, ಲೋಕಲ್ ರೈಲು ಎಲ್ಲ ಸಾಲಾಗಿ ಹಾದುಹೋದವು. ತಾನು ಕೂಡಿಸಿದ ಗೇರ್‌ಬಾಕ್ಸಿನಲ್ಲಿ ದೋಷವೇ? ಅವನ ತಲೆ ಒಮ್ಮೆ ಮೇಲಿನಿಂದ ಕೆಳಗೆ ಹೋಯಿತು.

ಆ ಒಂದು ತಲೆಯಾಟದಿಂದ ರಾಯರ ಮೊಣಕಾಲು ಅಧಿಕೃತವಾಗಿ ಮುದಿಯಾಯಿತು. ಹೋಟೆಲಿನವರು ಶನಿವಾರ ಸಂಜೆ ನಾಲ್ಕಕ್ಕೆ ಟೆಂಪೋ ತರುವುದೆಂದು ನಿಶ್ಚಯವಾಯಿತು. ರಾಯರು ಗಾಡಿಯ ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತರು. ಆಮೇಲೆ ಬೆಳಿಗ್ಗೆ ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು.

ಶುಕ್ರವಾರ ಮಧ್ಯಾಹ್ನ ಬಂಡೆಮ್ಮ ಅಂಗಡಿಗೆ ಬುತ್ತಿ ತಂದಳು. ಕಟಕ ರೊಟ್ಟಿ, ಶೇಂಗಾದ ಹಿಂಡಿ, ಪುಂಡಿಪಲ್ಯ. ಸಾಬಣ್ಣ ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಇಡುತ್ತಿದ್ದ.

“ಏನ್ ಉಸ್ತಾದ್ರ, ರೊಟ್ಟಿ ರಿಪೇರಿ ಮಾಡಾಕತ್ತೀರೇನು?”

“ರಾಯರ ಮೊಣಕಾಲು ಹೋಗೈತಂತ. ಗಾಡಿ ಗ್ವಾಡಿಗೆ ತೂಗು ಹಾಕ್ತಾರಂತ.”

“ಯಾರಂದ್ರು?”

“ಅವ್ರ ಮಗ ಅಂದ.”

“ಅವ್ರ ಮಗ ಡಾಕ್ಟರೇನು?”

“ಅಲ್ಲ. ನಾ... ಹೂಂ ಅಂದೆ.”

ಬಂಡೆಮ್ಮ ನೀರಿನ ಚಂಬು ಕೆಳಗಿಟ್ಟಳು. “ನೀ ಯಾವಾಗಿಂದ ಮಂದಿ ಮೊಣಕಾಲು ನೋಡಾಕ ಚಾಲೂ ಮಾಡಿ? ಗಾಡಿ ಬಿಚ್ಚಿ ನೋಡಿದಿ?”

“ಇಲ್ಲ.”

“ಬಿಚ್ಚದs ಹೂಂ ಅಂದಿ?”

“ನಾನs ಕೂಡ್ಸಿದ್ದಲ್ಲೇನು ಅದನ್ನ! ನನಗ ಗೊತ್ತಿಲ್ಲೇನು?”

“ಅದಕs ಬಿಚ್ಚಲಿಲ್ಲ ನೀನು,” ಎಂದು ಬಂಡೆಮ್ಮ ಉಳಿದ ರೊಟ್ಟಿಯನ್ನು ಬುತ್ತಿಯೊಳಗೆ ಕಟ್ಟಿ, “ತಪ್ಪು ಗೊತ್ತಾಗ್ತೈತಂತ,” ಎಂದು ಸೇರಿಸಿದಳು.

ಶನಿವಾರ ಬೆಳಿಗ್ಗೆ ಸಾಬಣ್ಣ ಪಾನಾಗಳ ಚೀಲ ಹೆಗಲಿಗೆ ಹಾಕಿಕೊಂಡು ಲೋಕಲ್ ರೈಲು ಹತ್ತಿದ. ನಾಂಪಲ್ಲಿಯಲ್ಲಿ ಇಳಿದು, ಆಟೋ ಹಿಡಿದು ಹತ್ತು ಗಂಟೆಗೆ ನಾರಾಯಣಗೂಡ ಮುಟ್ಟಿದ. ವಿಶ್ವಜಿತ್ ಹೊರಗೆ ಹೋಗಿದ್ದ. ರಾಯರು ಪಡಸಾಲೆಯ ಕುರ್ಚಿಯ ಮೇಲೆ ಧೋತರ ಮಡಚಿ, ಅಪರಾಧಿ ಮೊಣಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಅಂಬುಬಾಯಿ ಅದಕ್ಕೆ ಬಿಸಿ ಎಳ್ಳೆಣ್ಣೆ ತಿಕ್ಕುತ್ತಿದ್ದರು.

“ಯಾಕ ಬಂದ್ಯೋ ಸಾಬಣ್ಣಾ? ಕಡೀ ದರ್ಶನಕ್ಕೇನು?” ಅಂದರು ರಾಯರು.

“ಹಂಗೇನಿಲ್ರಿ. ಸುಮ್ನ ಒಂದ್ಸಲ ನೋಡ್ತೀನಿ.”

“ನೋಡು, ನೋಡು. ಗ್ವಾಡಿ ಮ್ಯಾಲ ಹೋದ ಮ್ಯಾಲ ನಿಚ್ಚಣಿಕಿ ಹಾಕಿ ನೋಡಬೇಕಾಗ್ತದ,” ಎಂದರು ಅಂಬುಬಾಯಿ. ದನಿಯಲ್ಲಿ ಎಂದಿನ ಖಾರವಿರಲಿಲ್ಲ. ಎಣ್ಣೆಯ ಬಟ್ಟಲು ಎತ್ತಿಕೊಂಡು ಅಂಗಳಕ್ಕೆ ಬಂದು, ಗಂಡನಿಗೆ ಕೇಳದಂತೆ ಹೇಳಿದರು: “ಸವತಿ ಖರೆ, ಆದ್ರ ನಮ್ಮನೀ ಸವತಿ. ಹಂಗ ನೇಣು ಹಾಕೂದು ನನಗ ನೋಡ್ಲಿಕ್ಕೆ ಆಗೂದಿಲ್ಲಪ್ಪಾ.”

ಸಾಬಣ್ಣ ಆ ದಿನ ಚಪ್ಪಲಿ ಬಿಡಲಿಲ್ಲ. ಕಣ್ಣೂ ಮುಚ್ಚಲಿಲ್ಲ. ಹೊಸದಾಗಿ ಕಲಿತವನ ಹಾಗೆ ಒಂದೊಂದಾಗಿ ನೋಡುತ್ತ ಹೋದ. ಮೊದಲು ಕ್ಲಚ್ಚಿನ ವೈರು. ಕ್ಲಚ್ಚು ಪೂರ್ತಿ ಬಿಡದಿದ್ದರೂ ಗೇರು ಬಿಗಿಯಾಗುತ್ತದೆ. ವೈರು ಸರಿಯಾಗಿತ್ತು. ಅಯ್ಯೋ ಪಾಪ, ಅದರ ಮೇಲೆ ಹಾಕಬಹುದಾಗಿದ್ದ ತಪ್ಪು ತಪ್ಪಿಹೋಯಿತು. ಆಮೇಲೆ ಎಣ್ಣೆ. ಮಟ್ಟ ಸರಿ, ಜಾತಿ ಸರಿ. ಆಮೇಲೆ ಲಿವರಿನ ಬೋಲ್ಟು, ಅದೂ ನಿರಪರಾಧಿ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್ಲಿಗೆ ತಂದು, ಹಿಂದಿನ ಗಾಲಿ ಕೈಯಿಂದ ತಿರುಗಿಸಿದ. ಬಿಡುಗಡೆಯಾಗಿ ತಿರುಗಬೇಕಾದ ಗಾಲಿ, ಬೇಡದ ಸಂಬಂಧ ನೋಡಲು ಹೊರಟ ಹುಡುಗಿಯ ಹಾಗೆ ಕಾಲೆಳೆಯಿತು.

ಅಂದರೆ ಬಿಗಿತ ಲಿವರಿನಲ್ಲಿಲ್ಲ, ಡಬ್ಬಿಯ ಒಳಗಿದೆ. ಮೊಣಕಾಲಂತೂ ಆ ಡಬ್ಬಿಯ ಒಳಗಿಲ್ಲ.

ಸಾಬಣ್ಣ ಎಣ್ಣೆ ಇಳಿಸಿ, ಹೊರಮುಚ್ಚಳ ತೆಗೆದ. ಒಳಮುಚ್ಚಳದ ನಟ್ಟುಗಳು ಕಂಡವು. ಒಂದೊಂದನ್ನೂ ಅರ್ಧ ಸುತ್ತು ಸಡಿಲ ಮಾಡಿ ಗಾಲಿ ತಿರುಗಿಸಿದ. ಗಾಲಿ ಸರ್‍ರನೆ ತಿರುಗಿತು. ನಟ್ಟು ಬಿಗಿ ಮಾಡಿದ. ಗಾಲಿ ಹಿಡಿಯಿತು. ಸಡಿಲ, ಸರ್‍ರ. ಬಿಗಿ, ಗಪ್. ಮೂರನೇ ಸಲ ಮಾಡಿ ನೋಡುವ ಅಗತ್ಯವಿರಲಿಲ್ಲ. ಆದರೆ ನಾಲ್ಕು ಸಲ ಮಾಡಿದ.

ಗೇರ್‌ಬಾಕ್ಸಿನ ಹಲ್ಲುಗಳನ್ನು ಹೊತ್ತ ಸರಳುಗಳಿಗೆ ಮುಚ್ಚಳಕ್ಕೂ ಡಬ್ಬಿಗೂ ನಡುವೆ ಕೂದಲೆಳೆಯಷ್ಟಾದರೂ ಅಲ್ಲಾಡುವ ಜಾಗ ಬೇಕು. ಆ ಜಾಗ ಕೊಡುವುದು ನಡುವೆ ಹಾಕುವ ರಟ್ಟಿನ ಪ್ಯಾಕಿಂಗಿನ ದಪ್ಪ. ಹಳೆಯ ಗಾಡಿಗೆ ತಯಾರು ಪ್ಯಾಕಿಂಗ್ ಸಿಗುವುದು ಅಪರೂಪ. ಸಿಕ್ಕರೂ ಸಾಬಣ್ಣನಿಗೆ ಅದರ ಮೇಲೆ ನಂಬಿಕೆಯಿಲ್ಲ. ಅವನ ಪ್ಯಾಕಿಂಗ್ ಯಾವತ್ತೂ ಲಗ್ನಪತ್ರಿಕೆಯದು. ದಪ್ಪ ರಟ್ಟಿನ ಪತ್ರಿಕೆ ತಂದು, ದೇವರ ಚಿತ್ರವಿರುವ ಎಲೆ ಬದಿಗಿಟ್ಟು, ವಧೂವರರ ಹೆಸರಿರುವ ಎಲೆಯಲ್ಲಿ ಕತ್ತರಿಸುತ್ತಾನೆ. ದೇವರನ್ನು ಗೇರಿನೆಣ್ಣೆಯಲ್ಲಿ ಮುಳುಗಿಸುವುದುಂಟೇ? ಗಂಡ ಹೆಂಡತಿ ಮುಳುಗಿದರೆ ದೋಷವಿಲ್ಲ. ಅವರು ಹೇಗೂ ಮುಳುಗುವವರೇ.

ಒಳಮುಚ್ಚಳ ಕೈಗೆ ಬಂತು. ಅದಕ್ಕೆ ಅಂಟಿಕೊಂಡ ಪ್ಯಾಕಿಂಗ್ ಎಣ್ಣೆ ಕುಡಿದು, ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು. ಅದರ ಮೇಲೆ ‘ಚಿ. ನಚಿಕೇತ’ ಎಂದೂ, ಬೋಲ್ಟಿನ ತೂತಿನ ಆಚೆ ‘ಸೌ. ಗಾನವಿ’ ಎಂದೂ ಮಸುಕಾಗಿ ಕಾಣುತ್ತಿತ್ತು. ಸಾಬಣ್ಣನಿಗೆ ಎಲ್ಲ ನೆನಪಾಯಿತು. ಗೇರ್‌ಬಾಕ್ಸು ಕೂಡಿಸಿದ ದಿನ ಕೈಗೆ ಸಿಕ್ಕಿದ್ದು ಅದೊಂದೇ ಪತ್ರಿಕೆ. ಮುಂದಿನ ರಟ್ಟಿನ ಮೇಲೆ ಗಣಪತಿ, ಹಿಂದಿನ ರಟ್ಟಿನ ಮೇಲೆ ವೆಂಕಟರಮಣ, ಇಬ್ಬರೂ ಉಬ್ಬು ಅಚ್ಚಿನಲ್ಲಿ. ನಡುವೆ ಹೆಸರುಗಳಿದ್ದ ಹಾಳೆ ತೆಳ್ಳಗಿತ್ತು. ‘ಒಂದು ಹಾಳಿಯಿಂದ ಏನಾಗ್ತೈತಿ’ ಎಂದುಕೊಂಡು ಅದನ್ನೇ ಕತ್ತರಿಸಿ ಹಾಕಿದ್ದ. ನಾಲ್ಕು ದಿನ ಹಾಳೆ ತಡೆದಿತ್ತು. ಇಂಜಿನ್ನಿನ ಕಾವಿಗೆ, ನಟ್ಟಿನ ಒತ್ತಡಕ್ಕೆ ಕುಗ್ಗಿ, ಐದನೆಯ ದಿನ ಆ ಕೂದಲೆಳೆ ಜಾಗವೂ ಮುಗಿದಿತ್ತು. ದೇವರನ್ನು ಕಾಪಾಡಲು ಹೋಗಿ ಸಾಬಣ್ಣ ರಾಯರ ಮೊಣಕಾಲಿಗೆ ಅಪವಾದ ತಂದಿದ್ದ.

ಈಗ ದಪ್ಪ ರಟ್ಟು ಬೇಕು. ಅದರಲ್ಲಿ ದೇವರಿರಬಾರದು.

“ಬಾಯಾರ, ಮನ್ಯಾಗ ಲಗ್ನಪತ್ರಿಕಿ ಅದಾವೇನ್ರಿ?”

ಅಂಬುಬಾಯಿ ಒಂದು ಪೆಟ್ಟಿಗೆಯನ್ನೇ ಹೊರತಂದರು. ಮೂವತ್ತು ವರ್ಷದ ಮದುವೆ, ಮುಂಜಿ, ಗೃಹಪ್ರವೇಶಗಳೆಲ್ಲ ಅದರಲ್ಲಿದ್ದವು. ಸಾಬಣ್ಣ ಒಂದೊಂದನ್ನೂ ತಿರುಗಿಸಿ ನೋಡಿದ. ಗಣಪತಿ. ಬಾಲಾಜಿ. ಗಣಪತಿ. ಮಂತ್ರಾಲಯದ ಬೃಂದಾವನ. ಎರಡು ಗಣಪತಿ. ದೇವರಿಲ್ಲದಲ್ಲಿ ‘ಶ್ರೀ’, ಶ್ರೀ ಇಲ್ಲದಲ್ಲಿ ಕಲಶ.

“ಏನು ಹುಡುಕ್ಲಿಕ್ಕತ್ತೀಯೋ?”

“ದೇವರಿಲ್ಲದ್ದು ಬೇಕಾಗಿತ್ರಿ.”

“ಬ್ರಾಹ್ಮಣರ ಮನಿಯೊಳಗ ದೇವರಿಲ್ಲದ ಲಗ್ನಪತ್ರಿಕಿ! ಇದೇನು ರಜಿಸ್ಟ್ರಾರ್ ಆಫೀಸೇನು?” ಎಂದರು ಅಂಬುಬಾಯಿ. ಆದರೆ ಅವನ ಎಣ್ಣೆಗೈಯಲ್ಲಿದ್ದ ಚಪ್ಪಟೆ ಹಾಳೆಯನ್ನೂ, ಅವನ ಮುಖವನ್ನೂ ನೋಡಿ ಒಳಗೆ ಹೋದರು. ಫ್ರಿಜ್ಜಿನ ಮೇಲಿಂದ ಒಂದು ಕಪ್ಪು ಕಾರ್ಡು ತಂದು ಕೊಟ್ಟರು. ಅಂಗೈಯಗಲದ ಎರಡು ಎಲೆ, ತೊಲೆಬಾಗಿಲಿನಷ್ಟು ದಪ್ಪ. ಮೇಲೆ ಒಂದು ಪಿಸ್ಟನ್ನು, ಒಂದು ಚಮಚ, ಉಳಿದದ್ದೆಲ್ಲ ಇಂಗ್ಲಿಷು. “ವಿಶೂನ ಹೋಟೆಲ್ ದೋಸ್ತಂದು. ಉದ್ಘಾಟನಿಗೆ ಕರದಾನ. ಹಿಂದ ಮುಂದ ನೋಡೀನಿ, ಒಂದು ಅರಿಶಿಣ ಕುಂಕುಮದ ಬಟ್ಟೂ ಇಲ್ಲ.”

ಸಾಬಣ್ಣ ಕಾರ್ಡನ್ನು ಉಗುರಿನಿಂದ ಒತ್ತಿ ನೋಡಿದ. ಅದರ ಎರಡೂ ಎಲೆ ಬಿಡಿಸಿ, ಮೇಲೆ ಒಳಮುಚ್ಚಳವನ್ನಿಟ್ಟು, ಗೆರೆ ಎಳೆದು, ಕತ್ತರಿಯಿಂದ ಕತ್ತರಿಸಿದ. ಪಿಸ್ಟನ್ನು ಹೋಯಿತು, ಚಮಚ ಅರ್ಧ ಉಳಿಯಿತು. ಪ್ಯಾಕಿಂಗ್ ಕೂಡಿಸಿ ನಟ್ಟು ಬಿಗಿ ಮಾಡಿದ. ಅರ್ಧ ಸುತ್ತು, ಗಾಲಿ ಸರ್‍ರ. ಪೂರ್ತಿ ಬಿಗಿ, ಗಾಲಿ ಆಗಲೂ ಸರ್‍ರ. ಹೊರಮುಚ್ಚಳ ಹಾಕಿ, ಹೊಸ ಎಣ್ಣೆ ಸುರಿಯುವಾಗ ಗಂಟೆ ಮೂರೂವರೆ. ಅಂಬುಬಾಯಿ ತಂದಿಟ್ಟ ಅವಲಕ್ಕಿ ಆರಿಹೋಗಿತ್ತು.

“ರಾಯರ, ಒಂದ್ ಸುತ್ತು ಹೋಗಿ ಬರ್ರಿ.”

“ಈ ಮೊಣಕಾಲು ತೊಗೊಂಡೇನು?”

“ಹೋಗ್ರಿ ಅಂದ್ರ.”

ರಾಯರು ಎಣ್ಣೆ ಮಿರುಗುವ ಮೊಣಕಾಲನ್ನು ಧೋತರದಲ್ಲಿ ಮುಚ್ಚಿ, ಗಾಡಿ ಏರಿ, ಕಿಕ್ ಒದ್ದರು. ಬುಲೆಟ್ ಗುಡುಗಿತು. ಅಂಜುತ್ತ ಅಂಜುತ್ತ ಗೇರು ಒತ್ತಿದರು. ಮುಂದೆ ಕೇಳಿಸಿದ್ದು ಬೀದಿಯ ತಿರುವಿನಲ್ಲಿ ಮಾಯವಾಗುತ್ತಿದ್ದ ಸದ್ದು ಮಾತ್ರ: ಒಂದು, ಎರಡು, ಮೂರು, ನಾಲ್ಕು.

ಅವರು ಬರ್ಕತ್‌ಪುರ ಸುತ್ತಿ, ಅದು ಸಾಲದೆಂದು ಚಿಕ್ಕಡಪಲ್ಲಿಯನ್ನೂ ಸುತ್ತಿ ಬರುವಷ್ಟರಲ್ಲಿ ಗೇಟಿನ ಮುಂದೆ ಟೆಂಪೋ ನಿಂತಿತ್ತು. ವಿಶ್ವಜಿತ್ ಇಬ್ಬರು ಹಮಾಲರೊಡನೆ ಕಾಯುತ್ತಿದ್ದ. ರಾಯರು ಮೂರನೇ ಗೇರಿನಲ್ಲಿ ಬೀದಿಗೆ ಬಂದು, ಎರಡಕ್ಕೆ ಇಳಿಸಿ, ಒಂದಕ್ಕೆ ಇಳಿಸಿ, ಮದುಮಗನ ಕುದುರೆಯಂತೆ ಗಾಡಿ ನಿಲ್ಲಿಸಿದರು.

“ನೋಡಿದ್ಯೇನೋ ವಿಶೂ! ಬೆರಳು ತಾಗಿಸಿದ್ರ ಬೀಳ್ಲಿಕ್ಕತ್ತದ!”

“ಎಳ್ಳೆಣ್ಣಿ! ನಮ್ಮವ್ವನ ಕೈಗುಣ ನನಗ ಬಂದದ!” ಎಂದು ಅಂಬುಬಾಯಿ ಎರಡೂ ಕೈ ಆಕಾಶಕ್ಕೆ ಎತ್ತಿದರು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಅದು ಬಿಸಿಯೆಣ್ಣೆಯೋ ತಣ್ಣೆಣ್ಣೆಯೋ ಎಂದು ತೆಲುಗಿನಲ್ಲಿ ವಿಚಾರಿಸಿದರು.

ವಿಶ್ವಜಿತ್ ಮಾತ್ರ ನಗಲಿಲ್ಲ. “ಅದಕ್ಕs ಅಂಜಿಕಿ ನನಗ. ಇವತ್ತು ಎಣ್ಣಿ ಹಚ್ಚೀರಿ, ಕಾಲು ಸಡ್ಲ ಆಗೇದ. ನಾಳೆ ಮತ್ತ ಯಾವ್ದೋ ಬಸ್ಸಿನ ಮುಂದ ಹಿಡಕೋತದ. ಅಪ್ಪಾ, ಇಳಿ. ಟೆಂಪೋ ಬಂದದ, ಕೊಟ್ಟುಬಿಡೋಣು.”

ರಾಯರ ನಗು ನಿಂತಿತು. ಇಳಿಯಲೆಂದು ಒಂದು ಕಾಲು ಎತ್ತಿದವರು ಹಾಗೇ ಉಳಿದರು. ಹಮಾಲರು ಹಗ್ಗ ಬಿಚ್ಚತೊಡಗಿದರು.

“ಉಸ್ತಾದ್,” ಎಂದ ವಿಶ್ವಜಿತ್, “ಬುಧವಾರ ನಿಮ್ಮನ್ನೂ ಕೇಳಿದ್ದೆ. ನೀವೂ ಮೊಣಕಾಲs ಅಂತ ತಲಿ ಆಡ್ಸಿದ್ರಿ. ಈಗ ಇಷ್ಟು ಮಂದಿ ಮುಂದ ಇನ್ನೊಮ್ಮೆ ಹೇಳಿಬಿಡ್ರಿ, ಅಪ್ಪಗ ಸಮಾಧಾನ ಆಗ್ಲಿ. ರೋಗ ಎಲ್ಲಿತ್ತು?”

ಎಲ್ಲರೂ ಸಾಬಣ್ಣನ ಕಡೆ ನೋಡಿದರು. ಸಾಬಣ್ಣ ಕೈಯನ್ನು ಚಿಂದಿಯಿಂದ ಒರೆಸಿಕೊಂಡ.

“ಗೇರ್‌ಬಾಕ್ಸಿನ್ಯಾಗ ಇತ್ರಿ. ಪ್ಯಾಕಿಂಗ್ ನಾನs ತೆಳ್ಳಂದು ಹಾಕಿದ್ದೆ.”